ಪಾಪಚ್ಚಿಯ ಶೂ

ನಮ್ಮ ಅತ್ತೆಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಾಪಚ್ಚಿಯ ಎರಡು ಕಾಲಿಗೂ ಶೂ ಏರಿರುತ್ತದೆ. ಯಾರು ಹಾಕಿದ್ದು ಎಂದರೆ, ಅವಳೇ ಹಾಕಿಕೊಂಡಳು, ನಾನು ಆ ಕಡೆ ತಿರುಗಿ ಕೂತಿದ್ದೆ ಎನ್ನುತ್ತಾರೆ. ಆರು ವರ್ಷದ ನನ್ನ ಮಗಳು ಕೂತದ್ದು, ನಡೆದದ್ದು, ಮಾತಾಡಿದ್ದು ಎಲ್ಲವೂ ತಡವಾಗಿಯೇ. ಅಂಥವಳು ತಾನೇ ಶೂ ಹಾಕಿಕೊಂಡಳಂತೆ! ಯಾರ ಕಿವಿ ಮೇಲೆ ಹೂ ಇಡುತ್ತಾರೆ ಇವರು?

ಬೇರೆ ದಿನಗಳಲ್ಲಾದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಈಗ ಹಾಗೆನ್ನುವ ಹಾಗಿರಲಿಲ್ಲ. ಹತ್ತಿರದ ಶಾಲೆಯವರು ಅವಳನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳಲು ಒಪ್ಪಿದ್ದರು, ಒಂದೇ ಒಂದು ಷರತ್ತಿನ ಮೇಲೆ. ಅಲ್ಲಿ ಆಟದ ಕೋಣೆಗೆ ಹೋಗುವಾಗ ಶೂ ಬಿಡಬೇಕು, ಬಂದ ಮೇಲೆ ಹಾಕಿಕೊಳ್ಳಬೇಕು. ನಲವತ್ತು ಮಕ್ಕಳಿಗೆ ಇರುವುದು ಒಬ್ಬಳೇ ಆಯಾ. ಹತ್ತು ನಿಮಿಷದೊಳಗೆ ಯಾರ ಸಹಾಯವೂ ಇಲ್ಲದೆ ಹಾಕಿಕೊಂಡು ತೋರಿಸಿದರೆ ಸೀಟು, ಇಲ್ಲವಾದರೆ ಇಲ್ಲ. ಮುಂದಿನ ವರ್ಷ ವಯಸ್ಸು ಮೀರುತ್ತದೆ, ಆ ಬಾಗಿಲೂ ಮುಚ್ಚಿಹೋಗುತ್ತದೆ.

ನಾವು ಥೆರಪಿ ಮೇಷ್ಟ್ರು ಎಂದು ಕರೆಯುವ ಮನುಷ್ಯನ ಸಹನೆ ಕಂಡರೆ ನನಗೆ ಮೈ ಉರಿಯುತ್ತದೆ. ಗುಂಡಿ ಹಾಕುವುದು, ಚಮಚ ಹಿಡಿಯುವುದು, ಮುಖ ತೊಳೆಯುವುದು, ಇಂಥವನ್ನು ಮಕ್ಕಳಿಗೆ ಕಲಿಸುವುದೇ ಅವರ ಕೆಲಸ. ಶೂ ಪಾಠವನ್ನು ಅವರು ಕೊನೆಯಿಂದ ಶುರು ಮಾಡಿದರು. ಮೊದಲೆರಡು ತಿಂಗಳು ಮಿಕ್ಕಿದ್ದೆಲ್ಲ ತಾವೇ ಮಾಡಿ, ಪಟ್ಟಿ ಎಳೆದು ಅಂಟಿಸುವುದನ್ನು ಮಾತ್ರ ಅವಳಿಗೆ ಬಿಟ್ಟರು. ಅದು ಬಂದ ಮೇಲೆ ಹಿಮ್ಮಡಿ ಕೂರಿಸುವುದು, ಆಮೇಲೆ ಬೆರಳು ತೂರಿಸುವುದು. ಕೆಲಸ ಮುಗಿಸಿದ ಖುಷಿ ಯಾವಾಗಲೂ ಮಗುವಿನದೇ ಆಗಿರಬೇಕಂತೆ. ಪಟ್ಟಿ ಅಂಟಿಸುವ ಮುಂಚೆ ಪಾಪಚ್ಚಿ ಕೈಬಿಟ್ಟು, ಮೇಲೆ ನೋಡುತ್ತ ಸುಮ್ಮನಾಗಿಬಿಡುತ್ತಾಳೆ. ದಣಿವಾರಿಸಿಕೊಳ್ತಿದ್ದಾಳೆ, ಕಾಯಿರಿ ಎನ್ನುತ್ತಾರೆ ಮೇಷ್ಟ್ರು. ಕಾಯಿರಿ ಎನ್ನಲು ಅವರ ಗಂಟೇನು ಹೋಗಬೇಕು? ಒಂಬತ್ತೂವರೆಗೆ ಕಚೇರಿಯಲ್ಲಿ ಹಾಜರಿ ಹಾಕಬೇಕಾದವಳು ನಾನು.

ಹಾಗೆಂದು ಹೇಳಿದಾಗ ಮೇಷ್ಟ್ರು, ನಿಮ್ಮ ಕೈ ತಡೆಯೋಕಾಗದಿದ್ದರೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಿ ಎಂದರು. ಮನೆಗೆ ಬಂದವಳೇ ಅದನ್ನು ಅತ್ತೆಗೆ ಹೇಳಿದೆ. ಹೇಳುವುದೇನು, ಬಾಯಿಗೆ ಬಂದಂತೆ ಅಂದೆ. ನಿಮ್ಮ ಮುದ್ದು ನನ್ನ ಮಗಳ ಭವಿಷ್ಯಕ್ಕೇ ಕಲ್ಲು ಹಾಕುತ್ತಿದೆ ಎಂದೂ ಅಂದೆ. ಅವರು ಪಾತ್ರೆ ಒರೆಸುತ್ತಲೇ ಇದ್ದರು. ಅದಕ್ಕೂ ಸಿಟ್ಟು ಬಂತು.

ಸೋಮವಾರ ಶಾಲೆಗೆ ಹೋದೆವು. ಹೆಡ್‌ಮಿಸ್ ಪಾಪಚ್ಚಿಯನ್ನು ಗಿಡ್ಡ ಬೆಂಚಿನ ಮೇಲೆ ಕೂರಿಸಿ, ಶೂಗಳನ್ನು ಮುಂದಿಟ್ಟು, ಗೋಡೆ ಗಡಿಯಾರ ನೋಡಿದರು. ಪಕ್ಕದಲ್ಲಿ ನಾನು. ಮೊದಲ ಶೂಗೆ ಐದು ನಿಮಿಷ ಹಿಡಿಯಿತು. ಶೂವಿನ ನಾಲಿಗೆ ಒಳಗೆ ಮಡಚಿಕೊಂಡಿತು, ಬಿಡಿಸಿದಳು. ಹಿಮ್ಮಡಿ ಹೋಗಲಿಲ್ಲ, ಕಾಲನ್ನು ನೆಲಕ್ಕೆ ಕುಟ್ಟಿ ಕೂರಿಸಿದಳು. ಪಟ್ಟಿ ಅಂಟಿಸಿದಳು. ನನಗೆ ಅಳು ಬರುವಂತಾಯಿತು. ಎರಡನೆಯದಕ್ಕೆ ಬೆರಳು ಹೋಯಿತು, ಹಿಮ್ಮಡಿ ಹೋಯಿತು. ಇನ್ನು ಪಟ್ಟಿ ಒಂದೇ. ಅಲ್ಲಿ ಕೈಬಿಟ್ಟು ಸುಮ್ಮನೆ ಮೇಲೆ ನೋಡುತ್ತ ಕೂತಳು.

ಮುಳ್ಳು ಎಂಟನೇ ನಿಮಿಷ ದಾಟಿತ್ತು. ಹೆಡ್‌ಮಿಸ್ ಪೆನ್ನಿನ ಮುಚ್ಚಳ ತೆಗೆದರು. ಕತೆ ಮುಗಿಯಿತು ಎಂದುಕೊಂಡೆ. ನನ್ನ ಕೈ ಯಾವಾಗ ಹೋಯಿತೋ ದೇವರಾಣೆ ನನಗೆ ಗೊತ್ತಿಲ್ಲ. ಪಟ್ಟಿ ಅಂಟಿದ ಸದ್ದಾದಾಗಲೇ ಗೊತ್ತಾದದ್ದು.

"ಇನ್ನೂ ಒಂದೂವರೆ ನಿಮಿಷ ಇತ್ತಲ್ಲಮ್ಮ," ಎಂದರು ಹೆಡ್‌ಮಿಸ್. "ನೀವೇ ಹಾಕಿದ ಮೇಲೆ ನಾನೇನಂತ ಬರೀಲಿ?"

ಬಿಚ್ಚಿ ಇನ್ನೊಮ್ಮೆ ಹಾಕಿಸುತ್ತೇನೆ ಎಂದು ಅಂಗಲಾಚಿದೆ. ಪಾಪಚ್ಚಿ ತನ್ನ ಕಾಲನ್ನು ನೋಡಿದಳು, ನನ್ನನ್ನು ನೋಡಿದಳು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ರಮಿಸಿದೆ, ಗದರಿದೆ, ಆಮಿಷ ತೋರಿಸಿದೆ. ಮತ್ತೆ ಆ ಶೂ ಮುಟ್ಟಲಿಲ್ಲ. ಹೆಡ್‌ಮಿಸ್ ಒಳ್ಳೆಯವರು. ಶುಕ್ರವಾರ ಇನ್ನೊಂದು ಸಲ ನೋಡೋಣ, ಅದೇ ಕೊನೆ ಎಂದರು. ಜೊತೆಗೆ ಬೇರೆ ಯಾರಾದರೂ ಬರಲಿ, ನೀವು ಮಾತ್ರ ಬೇಡ ಎಂದೂ ಸೇರಿಸಿದರು.

ದಾರಿಯುದ್ದಕ್ಕೂ ಯಾರನ್ನು ಬೈಯಬೇಕೆಂದು ಹುಡುಕಿದೆ. ಗಡಿಯಾರ, ಪೆನ್ನು, ಮೇಷ್ಟ್ರು, ಯಾರ ಮೇಲೂ ಸಿಟ್ಟು ನಿಲ್ಲಲಿಲ್ಲ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿ ಅವರ ಮುಖವೂ ಇಳಿಯಿತು. ಮೊಮ್ಮಗಳ ತಲೆ ಸವರುತ್ತ ಮೆಲ್ಲಗೆ, "ಆಗ್ಲಿಲ್ವಾ ಅವಳಿಗೆ?" ಎಂದರು.

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ನಂಬುತ್ತಿದ್ದರು.

"ಅವಳಿಗೆ ಆಗ್ತಿತ್ತು ಅತ್ತೆ," ಎಂದೆ. "ನಂಗೇ ಆಗ್ಲಿಲ್ಲ. ಶುಕ್ರವಾರ ನೀವು ಕರ್ಕೊಂಡು ಹೋಗಿ."