ನೀಲಗಂಗಾಳಿಗೆ ಹೇಳಬೇಕಿದ್ದ ಶುಭಸಂದೇಶ

ಚರ್ರ್ ಎಂದು ಟೇಪ್ ಎಳೆಯುವ ಸದ್ದು, ನಿಂತಿತು, ಮತ್ತೆ ಚರ್ರ್ — ಮೂರನೇ ಪೆಟ್ಟಿಗೆ ಇರಬೇಕು, ಇದರಲ್ಲಿ ಪಾತ್ರೆಗಳು, ಪಕ್ಕದ ಮನೆಯದೆಲ್ಲ ರೆಜಿನಾಗೆ ಕಿವಿಯಲ್ಲೇ ಗೊತ್ತು, ಕೊಲ್ಲಿ ದೇಶದ ಮುಐದರಿನ ಈ ವಿಲ್ಲಾವನ್ನು ಹಲಗೆ ಹೊಡೆದು ನಾಲ್ಕು ಮನೆ ಮಾಡಿದ್ದಾರೆ, ಇಲ್ಲಿ ಒಬ್ಬರು ಕೆಮ್ಮಿದರೆ ಅಲ್ಲಿ ಒಬ್ಬರು ನೀರು ಕುಡಿಯಬೇಕು, ನಾಲ್ಕು ಗಂಟೆಗೆ ಕಾರು ಬರುತ್ತದೆ, ನೀಲಗಂಗಾ ಗಂಡನ ಜೊತೆ ಗದಗಕ್ಕೆ ಹೊರಟುಹೋಗುತ್ತಾಳೆ, ಇನ್ನು ಬರುವುದಿಲ್ಲ, ಆ ಮಾತು ಇನ್ನೂ ಹೇಳಿಲ್ಲ. ಎಣ್ಣೆ ಕಾದಿದೆಯೇ, ಇಲ್ಲ, ಇನ್ನೊಂದು ಚೂರು ಕಾಯಲಿ, ದಾರಿಗೆಂದು ಬನ್ಸ್, ಹಿಟ್ಟು ನಿನ್ನೆಯೇ ನಾದಿಟ್ಟದ್ದು, ನಿಮ್ಮ ಬನ್ಸ್ ತಿಂದ್ರ ನಮ್ಮ ರೊಟ್ಟಿಗೆ ಸಿಟ್ಟು ಬರತೈತ್ರೀ ಅಕ್ಕಾರ, ಎಂದು ನಗುತ್ತಿದ್ದಳು ನೀಲಾ, ಮೂರು ವರ್ಷದ ಹಿಂದಿನ ಆ ಚಳಿಗಾಲದಲ್ಲಿ ನಗು ನಿಂತಿತು, ಹೊಟ್ಟೆಯಲ್ಲಿದ್ದ ಹೆಣ್ಣುಕೂಸಿಗೆ ಎಂಟು ತಿಂಗಳಾಗಿತ್ತು, ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ಇದೇ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಕೇಳಿದ್ದಳು, ದಿನಾ ಸಂಜಿಗೆ ಗ್ವಾಡಿ ಆಚಿಂದ ನಿಮ್ಮ ಪ್ರಾರ್ಥನಾ ಕೇಳತೈತಿ, ಉಸಿರಾಡದ ಹೋದ ಕೂಸು ಎಲ್ಲಿಗೆ ಹೋಗತೈತಿ, ನಿಮ್ಮ ದೇವರು ಏನರ ಹೇಳ್ಯಾನೇನ್ರೀ. ರೆಜಿನಾಗೆ ಉತ್ತರ ಗೊತ್ತಿತ್ತು. ಚಹಾ ಕುಡಿ ನೀಲಾ, ಆರಿಹೋಗ್ತದೆ — ಬಾಯಿಗೆ ಬಂದದ್ದು ಅಷ್ಟೇ.

ಹೇಗೆ ಹೇಳುವುದು, ಮೀನಿನ ಮಾತು, ಮಕ್ಕಳ ಶಾಲೆಯ ಮಾತು ಕನ್ನಡದಲ್ಲಿ ಸಲೀಸು, ಯೇಸು ಮಾತ್ರ ಕೊಂಕಣಿಯಲ್ಲಿ, ಅಮ್ಮನ ಪಕ್ಕದಲ್ಲಿ ಮೊಣಕಾಲೂರಿ ಕಲಿತ ತೇರ್ಸ್ ಜಪಮಾಲೆ ಕೊಂಕಣಿಯಲ್ಲಿ, ಕನ್ನಡದಲ್ಲಿ ಹೇಳಿ ನೋಡಿದರೆ ಶಾಲೆಯ ಪಾಠ ಒಪ್ಪಿಸಿದ ಹಾಗೆ — ಇದು ನೆಪವೋ, ಹೆದರಿಕೆಯೋ, ಗಂಡ ಬೊನವೆಂಚರ್‌ಗೆ ಹಮದ್ ಬಂದರಿನ ಕೆಲಸದ ಚಿಂತೆ, ಅಂದೇ ಎಚ್ಚರಿಸಿದ್ದ, ಧರ್ಮದ ಮಾತು ಇಗರ್ಜಿಯ ಗೇಟಿನ ಒಳಗೆ ಮಾತ್ರ ಮಾರಾಯ್ತಿ, ಹೊರಗೆ ಯಾರಾದ್ರೂ ಕೇಳಿದ್ರೆ ಖಲಾಸ್, ಮತ್ತೆ ಅವಳಾದ್ರೂ ಏನು ತಿಳ್ಕೊಳ್ತಾಳೆ, ದುಃಖದಲ್ಲಿರುವಾಗ ಬಲೆ ಬೀಸ್ಲಿಕ್ಕೆ ಬಂದಳು ಅಂತ. ಆದರೆ ಬಂದು ಕೇಳಿದವಳು ಅವಳೇ ಅಲ್ಲವೇ. ಕಳೆದ ಶುಕ್ರವಾರ ಪಾದ್ರಿಗಳು, ಶುಭಸಂದೇಶ ನಿಮಗೊಬ್ಬರಿಗೇ ಕೊಟ್ಟದ್ದಲ್ಲ, ಹಸಿದವರ ಮುಂದೆ ಬುತ್ತಿ ಮುಚ್ಚಿಟ್ಟುಕೊಂಡು ಕೂರಬೇಡಿ, ಎಂದಾಗ ರೆಜಿನಾ ತಲೆ ಎತ್ತಲಿಲ್ಲ. ಸಂಜೆ ತೇರ್ಸ್ ಮುಗಿದು ಮಕ್ಕಳು ಬೆಸಾಂವ್ ಬೇಡಿ ಕೈಮುಗಿದು ನಿಂತಾಗ ಇಬ್ಬರ ತಲೆ ಮುಟ್ಟಿ ಹರಸುತ್ತಾಳೆ, ಆಮೇಲೆ ಪಕ್ಕದಲ್ಲಿ ಬರಿಯ ಗಾಳಿಯನ್ನು ಮುಟ್ಟುತ್ತಾಳೆ, ಯಾರಿಗೂ ಕಾಣದ ಹಾಗೆ, ಮೊದಲ ವರ್ಷ ಮೊಣಕಾಲಿನಷ್ಟು ಎತ್ತರಕ್ಕೆ, ಈಗ ಅದಕ್ಕಿಂತ ಒಂದು ಗೇಣು ಮೇಲೆ.

ಹಾರ್ನ್. ಫಾಯಿಲ್‌ನಲ್ಲಿ ಸುತ್ತಿದ ಬನ್ಸ್ ಕೈ ಸುಡುತ್ತದೆ, ಚಪ್ಪಲಿ ಎಡಬಲ, ಹೊರಗೆ ಬಿಸಿಲು ಕಣ್ಣಿಗೆ ರಾಚುತ್ತದೆ, ಅವಳ ಗಂಡ ಶೇಖಪ್ಪ ಡಿಕ್ಕಿಗೆ ಪೆಟ್ಟಿಗೆ ತುರುಕುತ್ತಿದ್ದಾನೆ, ನೀಲಾ ಹಿಂದಿನ ಸೀಟಿನಲ್ಲಿ, ಕಿಟಕಿಯ ಗಾಜು ಅರ್ಧ ಇಳಿದಿದೆ, ಬನ್ಸ್ ಒಳಗೆ ತೆಗೆದುಕೊಳ್ಳುತ್ತಾಳೆ, ಅಳಬ್ಯಾಡ್ರೀ ಅಕ್ಕಾರ, ಫೋನ್ ಹಚ್ಚತೀನಿ, ಆಗ ರೆಜಿನಾ ಹೇಳಿಬಿಡುತ್ತಾಳೆ, ನಿನ್ನ ಕೂಸು ಯೇಸುವಿನ ಕೈಯಲ್ಲಿ ಉಂಟು ನೀಲಾ, ಎಲ್ಲಿಯೂ ಕಳೆದುಹೋಗ್ಲಿಲ್ಲ, ಮಕ್ಕಳನ್ನು ಅವರು ಕೆಳಗೆ ಬಿಡುವವರಲ್ಲ, ನಾನು ದಿನಾ ನನ್ನ ಮಕ್ಕಳ ಜೊತೆ ಅವಳನ್ನೂ ಹರಸ್ತೇನೆ. ನೀಲಾ ಗಾಜಿನ ಅಂಚನ್ನು ಹಿಡಿದಳು. ಯಾವಾಗಿಂದ ಗೊತ್ತಿತ್ರೀ ನಿಮಗ. ನೀನು ಕೇಳುವ ಮೊದಲೇ. ಮೂರು ವರ್ಷ, ಎಂದಳು ನೀಲಾ, ಸಿಟ್ಟಿಲ್ಲ, ದನಿ ಏರಿಲ್ಲ, ಒಬ್ಬಾಕಿನ ಅಳತಿದ್ದೆ ಅಕ್ಕಾರ, ಕೇಳಸ್ತಿರಬೇಕಲ್ಲ ನಿಮಗ. ಯಲ್ಲಾ ಯಲ್ಲಾ, ಎಂದು ಅವಸರ ಮಾಡಿದ ಡ್ರೈವರ್.

ಎಣ್ಣೆ ಹಾಗೇ ಉರಿಯ ಮೇಲೆ, ಆರಿಸಬೇಕು, ಅಕ್ಕಿ ತೊಳೆಯಬೇಕು, ಮಕ್ಕಳು ಬರುವ ಹೊತ್ತು, ಕೇಳುತ್ತಿತ್ತು, ಹೌದು, ಎಲ್ಲ ಕೇಳುತ್ತಿತ್ತು, ಆ ಗಾಜಿನ ಅಂಚಿನಲ್ಲಿ ಅವಳ ನಾಲ್ಕು ಬೆರಳು, ಊರು ಮುಟ್ಟಿದ ಮೇಲೆ ಫೋನ್ ಮಾಡಬಹುದು, ಉಳಿದದ್ದನ್ನು ಹೇಳಬಹುದು, ಎತ್ತುತ್ತಾಳೋ ಇಲ್ಲವೋ, ನಾಲ್ಕು ಬೆರಳು, ಇನ್ನೂ ಏನೋ ಕೇಳುವುದಿದೆ ಎಂಬಂತೆ, ಅಕ್ಕಿ ಎಷ್ಟು ಪಾವು ಹಾಕಿದೆ, ಗಾಜು ಮೇಲೇರುತ್ತಿತ್ತು, ಏರುತ್ತಿದ್ದರೂ ಅಂಚನ್ನು ಬಿಡದ ನಾಲ್ಕು ಬೆರಳು