ನಾಲ್ಕನೇ ಪುಟದ ಸಾಲು

ಅಕ್ಕ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಕಂಪ್ಯೂಟರ್ ಎಂದರೆ ಅವಳಿಗೆ ಅಷ್ಟಕ್ಕಷ್ಟೇ. ಆದರೆ ಕಣ್ಣು ಕಳೆದುಕೊಂಡ ತಮ್ಮ, ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಬರೆಯಲು ಹದಿನಾಲ್ಕು ಜನರ ಬಳಗ ಕಟ್ಟಿದಾಗ ಅದರ ಓಡಾಟವೆಲ್ಲ ಅವಳ ತಲೆಗೇ ಬಂತು. ಬಳಗ ಬರೆದದ್ದು ಒಬ್ಬರ ಸ್ವತ್ತಲ್ಲ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಪ್ರತಿ ಶನಿವಾರ ಅವರು ಸೇರುತ್ತಿದ್ದ ಗ್ರಂಥಾಲಯದ ನೆಲಮಾಳಿಗೆಗೆ ಈಗ ಸಂಚಕಾರ ಬಂದಿತ್ತು. ತಿಂಗಳ ಕೊನೆಗೆ ಖಾಲಿ ಮಾಡಬೇಕು.

ಆರು ಕಂಪನಿಗಳಿಗೆ ಅಲೆದು ಚಪ್ಪಲಿ ಸವೆಸಿ, ಅಕ್ಕ ತಮ್ಮ ಇಬ್ಬರೂ ಏಳನೆಯದರಲ್ಲಿ ಕೂತಿದ್ದರು. ಪ್ರಾಯೋಜಕತ್ವ ನೋಡಿಕೊಳ್ಳುವ ಅಧಿಕಾರಿ ನಗುಮೊಗದ ಮನುಷ್ಯ. ಮೂರು ವರ್ಷ ಸಭಾಂಗಣ, ಜೊತೆಗೆ ತಂತ್ರಾಂಶ ಇಟ್ಟು ಹಂಚಲು ಸರ್ವರ್, ಎಲ್ಲ ಕೊಡುತ್ತೇವೆ ಎಂದ. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

"ಇಲ್ಲಿ ಸಹಿ ಮಾಡಿ ಮೇಡಂ. ಒಂದು ಗಂಟೆಗೆ ಇನ್ನೊಂದು ಮೀಟಿಂಗ್ ಇದೆ ನಂಗೆ."

ಗಡಿಯಾರ ಆಗಲೇ ಹನ್ನೆರಡು ಐವತ್ತು ತೋರಿಸುತ್ತಿತ್ತು. ಒಪ್ಪಂದ ಹನ್ನೊಂದು ಪುಟ. ತಮ್ಮ ಅದರ ಪ್ರತಿಯನ್ನು ಫೋನಿಗೆ ಹಾಕಿಸಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು, ಬಳಗದ ತಂತ್ರಾಂಶದಿಂದಲೇ ಓದಿಸಿಕೊಳ್ಳುತ್ತಿದ್ದ. ಬೇರೆಯವರಿಗೆ ಬರೀ ಗುಂಯ್ ಎಂದು ಕೇಳಿಸುವಷ್ಟು ವೇಗವಾಗಿ. ಅಕ್ಕ ಪೆನ್ನಿನ ಮುಚ್ಚಳ ತೆಗೆದಳು.

"ಅಕ್ಕಾ, ತಡಿ." ತಮ್ಮ ಅವಳ ಮೊಣಕೈ ಹಿಡಿದ. "ನಾಲ್ಕನೇ ಪುಟ. ನಾವು ಬರೆದದ್ದು, ಬರೆಯೋದು ಎಲ್ಲ ಕಂಪನಿ ಸ್ವತ್ತು ಅಂತಿದೆ."

"ಅಯ್ಯೋ, ಅದು ಶಾಸ್ತ್ರಕ್ಕೆ ಇರೋ ಸಾಲು," ಎಂದ ಅಧಿಕಾರಿ.

"ಶಾಸ್ತ್ರಕ್ಕೆ ಅಂದ್ರೆ ತೆಗೆದ್ಬಿಡಿ ಸಾರ್," ಎಂದಳು ಅಕ್ಕ.

ಅಧಿಕಾರಿಯ ಮುಖ ಬಿಗಿಯಿತು. "ಅದು ನನ್ನ ಕೈಲಿಲ್ಲ. ನಿಮಗೆ ಬೇಡ ಅಂದ್ರೆ ಕೇಳೋರು ಬೇಕಾದಷ್ಟು ಜನ ಇದ್ದಾರೆ."

ಸಹಿ ಹಾಕಿದರೆ ಐದು ವರ್ಷದ ದುಡಿಮೆ ಪರರ ಪಾಲು. ಹಾಕದಿದ್ದರೆ ಬಳಗ ದಿಕ್ಕಾಪಾಲು. ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು.

"ಯಾರ ಕೈಲಿದೆಯೋ ಅವರನ್ನ ಕೇಳ್ಕೊಂಡು ಬನ್ನಿ. ಕಾಯ್ತೀವಿ."

ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದ.

"ನಾನು ಬಾಯಿ ಮುಚ್ಕೊಂಡಿರಬೇಕಿತ್ತೇನೋ," ಎಂದ ತಮ್ಮ.

"ಮುಚ್ಕೊಂಡಿದ್ರೆ ಕಿವಿ ಹಿಂಡ್ತಿದ್ದೆ," ಎಂದಳು ಅಕ್ಕ.

ಗಡಿಯಾರದಲ್ಲಿ ಒಂದು ಗಂಟೆ ದಾಟಿತು. ಯಾರೂ ಬರಲಿಲ್ಲ. ಹೊರಗೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಅಕ್ಕ ಬಾಗಿಲ ಕಡೆ ತಿರುಗುತ್ತಿದ್ದಳು. ಒಂದೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ಅಧಿಕಾರಿಯ ಜೊತೆ ಗ್ರಾಹಕರ ದೂರು ವಿಭಾಗದ ಮುಖ್ಯಸ್ಥೆ ಬಂದಿದ್ದಳು.

"ನನ್ನ ವಿಭಾಗದಲ್ಲಿ ಕಣ್ಣು ಕಾಣದವರು ಇಬ್ಬರಿದ್ದಾರೆ. ಅವರು ಬಳಸೋದು ನಿಮ್ಮ ತಂತ್ರಾಂಶಾನೇ. ನೀವು ನಿಲ್ಲಿಸಿದ್ರೆ ನನಗೇ ಕೈ ಕಟ್ಟಿದ ಹಾಗೆ. ಮೇಲಿನವರಿಗೆ ಹೇಳಿ ಆ ಸಾಲು ತೆಗೆಸಿದ್ದೀನಿ. ಆದರೆ ಒಂದೇ ವರ್ಷ, ಬರೀ ಸಭಾಂಗಣ. ಸರ್ವರ್ ಆಗಲ್ಲ."

ತಮ್ಮ ತಲೆಯಾಡಿಸಿದ. ಅಕ್ಕ ಹೊಸ ಪುಟದ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಓದಿದಳು, ಆಮೇಲೆ ಸಹಿ ಹಾಕಿದಳು.

ಮೆಟ್ಟಿಲಿಳಿಯುವಾಗ ತಮ್ಮ ಕೇಳಿದ, "ಸರ್ವರ್ ಗತಿ ಏನಕ್ಕಾ?"

"ಮೊದಲು ಏನಾದ್ರೂ ತಿನ್ನೋಣ ಕಣೋ. ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ."