ಸಭೆ ಕೇಳಿಸಿಕೊಂಡ ಮಾತು

ಯಳಂದೂರಿನ ಸಭೆಯಲ್ಲಿ ಸಿಂಧು ಪರದೆಯ ಮೇಲಿನ ಅಂಕಿಅಂಶ ಓದುತ್ತ ಹೋದಾಗ ಮುಂದಿನ ಸಾಲಿನವರೇ ತೂಕಡಿಸಿದ್ದರು. ಕಾಡಂಚಿನಲ್ಲಿ ಕ್ಯಾಮೆರಾ ಕಟ್ಟಿ ಹುಲಿಗಳ ಓಡಾಟ ಗಮನಿಸುವುದು, ಅದನ್ನು ಊರಿನವರಿಗೆ ತಿಳಿಸುವುದು ಅವಳ ಕೆಲಸ. ಕೊಳ್ಳೇಗಾಲದ ನೇಕಾರರ ಮನೆಯ ಹುಡುಗಿ, ಜನರೆದುರು ನಿಂತರೆ ಬಾಯಿ ಒಣಗುತ್ತಿತ್ತು.

"ಪರದೆ ನೋಡ್ಬೇಡ, ಮುಖ ನೋಡು. ಜನ ಯಾವುದಕ್ಕೆ ಹೆದರ್ತಾರೋ ಅಲ್ಲಿಂದ ಶುರು ಮಾಡು," ಎಂದಿದ್ದ ಹಿರಿಯ ಸಹೋದ್ಯೋಗಿ ಶಿವಪ್ರಕಾಶ್.

ಹನೂರಿನಾಚೆಯ ಒಂದೂರಿನ ಸಮುದಾಯ ಭವನದಲ್ಲಿ ಹಾಗೇ ಮಾಡಿದಳು. ಆ ಊರಿನ ಪುಟ್ಟಸಿದ್ದಯ್ಯನ ಹಸುವನ್ನು ಹುಲಿ ಹಿಡಿದು ಹೆಚ್ಚು ದಿನವಾಗಿರಲಿಲ್ಲ.

"ಪುಟ್ಟಸಿದ್ದಯ್ಯನೋರ ಹಸು ಕೂಗಿದ್ದು ನಿಮಗೆಲ್ಲ ಕೇಳ್ಸಿರ್ಬೇಕು," ಎಂದು ಹೇಳಿ ಸುಮ್ಮನಾದಳು. ಕೆಮ್ಮುತ್ತಿದ್ದವರೂ ಕೆಮ್ಮು ನುಂಗಿದರು. ಆಮೇಲೆ ದನಿ ಏರಿಸದೆ, ಹುಲಿ ಯಾವ ಹಳ್ಳದಲ್ಲಿ ನೀರು ಕುಡಿಯುತ್ತದೆ, ಎತ್ತ ಬರುತ್ತದೆ, ದನಗಳನ್ನು ಯಾವ ಕಡೆ ಬಿಡಬಾರದು ಎಂದು ಬಿಡಿಸಿ ಹೇಳಿದಳು. ಒಂದು ಕಣ್ಣೂ ಅತ್ತಿತ್ತ ಕದಲಲಿಲ್ಲ.

ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಪುಟ್ಟಸಿದ್ದಯ್ಯ ಎದ್ದು ನಿಂತ.

"ಯಾವ ಅಳ್ಳ ಅಂದ್ರಿ ಕಣವ್ವ? ಇನ್ನೊಂದ್ಸಲ ಏಳಿ."

"ಬಿದಿರುಮೆಳೆ ಪಕ್ಕದ್ದು."

"ದಿನಾ ಅಲ್ಲೇ ಬತ್ತದಾ?"

"ಹೆಚ್ಚುಕಮ್ಮಿ ದಿನಾ. ಸಂಜೆ ಹೊತ್ತು."

ಅವನು ತಲೆಯಾಡಿಸಿದ. ಸುತ್ತಲಿನವರೂ ಆಡಿಸಿದರು. ಕೊನೆಗೂ ಜನ ಕೇಳಿಸಿಕೊಂಡರಲ್ಲ ಎಂದು ಸಿಂಧುವಿನ ಎದೆ ತುಂಬಿಬಂತು.

ಟೀ ಲೋಟ ಕೊಡಲು ಬಂದ ಅವನ ಹೆಂಡತಿ ಗುರುಸಿದ್ದಮ್ಮ ಮೆಲ್ಲಗೆ ಅಂದಳು: "ಚೆಂದಾಗಿ ಏಳ್ದೆ ಮಗ. ಅಷ್ಟು ಚೆಂದಾಗಿ ಏಳ್ಬಾರ್ದಿತ್ತು."

ಸಿಂಧು ಹೊರಗೆ ನೋಡಿದಳು. ಗಂಡಸರು ತಂತಮ್ಮ ಮನೆಗೆ ಹೋಗದೆ, ಪುಟ್ಟಸಿದ್ದಯ್ಯನ ಕೊಟ್ಟಿಗೆಯ ಕಡೆ ಗುಂಪಾಗಿ ನಡೆಯುತ್ತಿದ್ದರು. ಅರಣ್ಯ ಇಲಾಖೆಯ ಗಾರ್ಡ್ ನಿಂಗರಾಜುವಿಗೆ ಆಗಲೇ ಫೋನ್ ಮಾಡಿದಳು. ಅವನು ದೂರದ ಬೀಟಿನಲ್ಲಿ ಗಸ್ತು ತಿರುಗುತ್ತಿದ್ದ. ಬಂದು ತಲುಪುವಷ್ಟರಲ್ಲಿ ಬೆಳಗಾಗಿತ್ತು.

ಇಬ್ಬರೂ ಹೋಗಿ ನೋಡಿದರೆ, ಹಳ್ಳದ ದಡದಲ್ಲಿ ಅರ್ಧ ತಿಂದ ಕರುವಿನಿಂದ ಬೆಳೆಗೆ ಹೊಡೆಯುವ ಔಷಧದ ವಾಸನೆ ಬರುತ್ತಿತ್ತು. ತುಸು ಆಚೆ, ನೀರಿಗೆ ಮೂತಿ ಚಾಚಿ, ಹೆಣ್ಣು ಹುಲಿ ಸತ್ತು ಬಿದ್ದಿತ್ತು.

ನಿಂಗರಾಜು ಬಗ್ಗಿ ಅದರ ಹೊಟ್ಟೆ ಮುಟ್ಟಿ ನೋಡಿದ. "ಮೊಲೆಯಲ್ಲಿ ಆಲು ಅದೆ ಕಣವ್ವ. ಮರಿ ಇಲ್ಲೇ ಎಲ್ಲೋ ಇರ್ಬೇಕು."

ಸಿಂಧು ಬಿದಿರುಮೆಳೆಯೊಳಗೆ ಇಣುಕಿದಳು. ತನ್ನದೇ ಮಾತು ಒಂದೊಂದಾಗಿ ಕಿವಿಯಲ್ಲಿ ಮೊಳಗುತ್ತಿತ್ತು.

ಎದುರು ದಡದಲ್ಲಿ ತರಗೆಲೆ ಸದ್ದಾಯಿತು. ಪುಟ್ಟಸಿದ್ದಯ್ಯ ನಿಂತಿದ್ದ, ಅವನ ಹಿಂದೆ ದೊಣ್ಣೆ ಹಿಡಿದ ಊರ ಗಂಡಸರು. ಅವನು ಮರ್ಯಾದೆಯಿಂದಲೇ ಕೇಳಿದ: "ಮರಿ ಎಲ್ಲಿ ಅವೆ ಅಂತ ಏಳ್ಲೇ ಇಲ್ವಲ್ಲವ್ವ ನೀವು?"

"ಮರಿ ಇಲ್ಲ," ಎಂದಳು ಸಿಂಧು.

ಅವರು ಅವಳನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ, ದೊಣ್ಣೆಯಿಂದ ಪೊದೆ ಸರಿಸುತ್ತ, ಹಳ್ಳಕ್ಕೆ ಇಳಿಯತೊಡಗಿದರು.